ಅಂಕಿಯ ಮನೆ ವಿಳಾಸ

ಒಂದು ಹಾಳೆ, ಒಂದು ಪೆನ್ನು ಕೈಗೆ ಸಿಗುವ ಹಾಗಿದ್ದರೆ ತಂದಿಟ್ಟುಕೊಳ್ಳಿ. ಇಲ್ಲದಿದ್ದರೂ ಚಿಂತೆಯಿಲ್ಲ, ಕಣ್ಣು ಮುಚ್ಚಿಕೊಂಡು ಕೇಳಿದರೂ ಆದೀತು. ಇವತ್ತು ಕಂಪ್ಯೂಟರಿನ ಲೆಕ್ಕದ ಹಾಳೆಯ ವಿಷಯ ಮಾತಾಡೋಣ. ಸ್ಪ್ರೆಡ್‌ಶೀಟ್ ಅಂತ ಅದರ ಹೆಸರು. ಯಾವ ಕಂಪನಿಯದಾದರೂ ಸರಿ, ನಮ್ಮ ಕಡೆ ಎಕ್ಸೆಲ್ ಶೀಟ್ ಅಂದುಬಿಡುತ್ತಾರೆ.

ಈ ಹಾಳೆ ಈಗ ಹಾಲಿನ ಡೈರಿಯಲ್ಲಿದೆ. ಸ್ತ್ರೀಶಕ್ತಿ ಸಂಘದಲ್ಲಿದೆ. ಶಾಲೆಯ ಅಂಕಪಟ್ಟಿಯಲ್ಲಿದೆ. ಆದರೆ ಬಹಳ ಕಡೆ ಒಂದು ವಿಚಿತ್ರ ನೋಡಿದ್ದೇನೆ. ಎದುರಿಗೆ ಕಂಪ್ಯೂಟರು, ಪಕ್ಕದಲ್ಲಿ ಕ್ಯಾಲ್ಕ್ಯುಲೇಟರು. ಇದರಲ್ಲಿ ಗುಣಿಸುವುದು, ಬಂದ ಉತ್ತರವನ್ನು ಅದಕ್ಕೆ ತುಂಬುವುದು. ಎತ್ತಿನ ಗಾಡಿಯ ಮೇಲೆ ಟ್ರ್ಯಾಕ್ಟರು ಹೇರಿಕೊಂಡು ಹೊಲಕ್ಕೆ ಹೋದ ಹಾಗೆ.

ನಾನೂ ಹಾಗೆ ಮಾಡುತ್ತಿದ್ದವನೇ. ಆ ಕಥೆಯನ್ನು ಮೊದಲು ಹೇಳಿಬಿಡುತ್ತೇನೆ.

ಕೆಲವು ವರ್ಷಗಳ ಹಿಂದೆ ಒಂದು ಹಾಲಿನ ಸಂಘದ ಲೆಕ್ಕ ಬರೆಯಲು ಕೂತಿದ್ದೆ. ವಾರದ ಬಟವಾಡೆ. ಸುಮಾರು 80 ಸದಸ್ಯರು. ಒಬ್ಬೊಬ್ಬರ ಲೀಟರನ್ನೂ ದರದಿಂದ ಗುಣಿಸಿ, ಉತ್ತರ ತುಂಬಿ, ಮುಗಿಸುವಾಗ ರಾತ್ರಿ 10 ಗಂಟೆ. ಬೆಳಿಗ್ಗೆ ಸುದ್ದಿ ಬಂತು, ದರ ಬದಲಾಗಿದೆ ಅಂತ. ಮತ್ತೆ 80 ಗುಣಾಕಾರ. 79 ತಿದ್ದಿದೆ. ಒಂದು ಬಿಟ್ಟುಹೋಯಿತು. ಬಟವಾಡೆಯ ದಿನ ಆ ಸದಸ್ಯೆ ಚೀಟಿ ಹಿಡಿದುಕೊಂಡು ಬಂದರು. "ಏನ್ ಸ್ವಾಮಿ, ನಮ್ಮ ಹಸ ಹಳೇ ರೇಟಿನ ಹಾಲು ಕೊಡ್ತದಾ?" ಅಂದರು. ಸುತ್ತ ನಿಂತವರೆಲ್ಲ ನಕ್ಕರು. ನನಗೆ ನಗು ಬರಲಿಲ್ಲ.

ತಪ್ಪು ಎಲ್ಲಿತ್ತು? ಗುಣಾಕಾರ ಸರಿಯಾಗಿಯೇ ಇತ್ತು. ಆದರೆ ದರದ ಅಂಕಿಯನ್ನು ನಾನು 80 ಕಡೆ ಬಳಸಿದ್ದೆ. 80 ಕಡೆಯೂ ನಾನೇ ಹೋಗಿ ತಿದ್ದಬೇಕಿತ್ತು. ಅಂದು ಕಲಿತದ್ದನ್ನೇ ಇಂದು ನಿಮಗೆ ಹೇಳುತ್ತೇನೆ. ಅಂಕಿಯನ್ನು ಒಂದೇ ಕಡೆ ಬರೆಯಿರಿ. ಬೇಕಾದ ಕಡೆಯೆಲ್ಲ ಅದರ ವಿಳಾಸ ಕೊಡಿ. ಇವತ್ತಿನ ಭಾಷಣವೆಲ್ಲ ಇಷ್ಟೇ. ಉಳಿದದ್ದು ಇದರ ವಿವರ.

ಮೊದಲನೆಯದಾಗಿ, ವಿಳಾಸ ಅಂದರೇನು?

ಚೌಕಾಬಾರ ಆಡಿದ್ದೀರಲ್ಲ? ನೆಲದ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆಯುತ್ತೇವೆ. ಚೌಕಗಳಾಗುತ್ತವೆ. ಆ ಚೌಕಕ್ಕೆ ನಾವು ಮನೆ ಅನ್ನುತ್ತೇವೆ. ಲೆಕ್ಕದ ಹಾಳೆಯೂ ಹಾಗೆಯೇ. ಉದ್ದಕ್ಕೆ ಗೆರೆ, ಅಡ್ಡಕ್ಕೆ ಗೆರೆ, ನಡುವೆ ಮನೆಗಳು. ಕಂಪ್ಯೂಟರಿನವರು ಮನೆಗೆ ಸೆಲ್ ಅನ್ನುತ್ತಾರೆ. ಮೇಲಿಂದ ಕೆಳಕ್ಕೆ ಇಳಿಯುವ ಮನೆಗಳ ಪಟ್ಟಿ ಕಾಲಂ. ನಾವು ಅದನ್ನು ಬೀದಿ ಅಂದುಕೊಳ್ಳೋಣ. ಬೀದಿಗಳಿಗೆ ಇಂಗ್ಲಿಷ್ ಅಕ್ಷರದ ಹೆಸರು: ಎ, ಬಿ, ಸಿ, ಡಿ. ಝೆಡ್ ಮುಗಿದರೆ ಎಎ, ಎಬಿ ಅಂತ ಮುಂದುವರಿಯುತ್ತದೆ. ಎಡಗಡೆಯ ಅಂಚಿನಲ್ಲಿ 1, 2, 3 ಅಂತ ಮನೆ ನಂಬರು. ಒಂದೇ ನಂಬರಿನ ಮನೆಗಳು ಅಡ್ಡಕ್ಕೆ ಸೇರಿ ಒಂದು ಸಾಲು. ಬಿ ಬೀದಿಯ 2ನೇ ನಂಬರಿನ ಮನೆಯ ವಿಳಾಸ, ಬಿ2. ಮುಗಿಯಿತು.

ಈಗಿನ ಎಕ್ಸೆಲ್ ಹಾಳೆಯೊಂದರಲ್ಲಿ 16 ಸಾವಿರಕ್ಕೂ ಹೆಚ್ಚು ಬೀದಿಗಳಿವೆ. ಒಂದೊಂದು ಬೀದಿಯಲ್ಲೂ 10 ಲಕ್ಷಕ್ಕೂ ಹೆಚ್ಚು ಮನೆಗಳು. ನಮ್ಮ ಹಾಲಿನ ಲೆಕ್ಕಕ್ಕೆ ಐದು ಬೀದಿ ಧಾರಾಳ.

ಈ ವಿಳಾಸದ ಪದ್ಧತಿಗೆ 45 ವರ್ಷ ದಾಟಿದೆ. ಅದು ಹುಟ್ಟಿದ್ದು ನನ್ನಂಥದೇ ಒಂದು ಸಂಕಟದಿಂದ. 1978ರಲ್ಲಿ ಡ್ಯಾನ್ ಬ್ರಿಕ್ಲಿನ್ ಅಮೆರಿಕದ ಹಾರ್ವರ್ಡ್ ಬಿಸಿನೆಸ್ ಸ್ಕೂಲಿನಲ್ಲಿ ಓದುತ್ತಿದ್ದರು. ಪಾಠ ಮಾಡುತ್ತಿದ್ದ ಪ್ರಾಧ್ಯಾಪಕರು ಕರಿಹಲಗೆಯ ತುಂಬ ಲೆಕ್ಕದ ಕೋಷ್ಟಕ ಬರೆಯುತ್ತಿದ್ದರು. ಒಂದು ಅಂಕಿ ಬದಲಾದರೆ ಅದರ ಬೆನ್ನಿಗೆ ಹತ್ತಾರು ಅಂಕಿ ಅಳಿಸಿ ಬರೆಯಬೇಕು. ಹಲಗೆಯೇ ತಾನಾಗಿ ತಿದ್ದಿಕೊಂಡರೆ ಹೇಗೆ ಅಂತ ಬ್ರಿಕ್ಲಿನ್ ಯೋಚಿಸಿದರು. ಗೆಳೆಯ ಬಾಬ್ ಫ್ರಾಂಕ್‌ಸ್ಟನ್ ಜೊತೆಯಾದರು. 1979ರಲ್ಲಿ ಆಪಲ್ 2 ಕಂಪ್ಯೂಟರಿಗೆ ವಿಸಿಕ್ಯಾಲ್ಕ್ ಎಂಬ ಅವರ ಲೆಕ್ಕದ ಹಾಳೆ ಬಂತು. ಬೀದಿಗೆ ಅಕ್ಷರ, ಮನೆಗೆ ಅಂಕಿ ಅನ್ನುವ ಕ್ರಮ ಅದರಲ್ಲೇ ಇತ್ತು. 1983ರಲ್ಲಿ ಲೋಟಸ್ 1-2-3 ಬಂತು. 1985ರಲ್ಲಿ ಎಕ್ಸೆಲ್ ಬಂತು. ವಿಳಾಸದ ಕ್ರಮ ಬದಲಾಗಲಿಲ್ಲ. ಹಾಗಾಗಿ ನಾನು ಇವತ್ತು ಹೇಳುವುದೆಲ್ಲ ಎಕ್ಸೆಲ್‌ಗೂ ಸರಿ, ಗೂಗಲ್ ಶೀಟ್ಸ್‌ಗೂ ಸರಿ, ದುಡ್ಡು ಕೊಡದೆ ಸಿಗುವ ಲಿಬ್ರೆ ಆಫೀಸಿನ ಕ್ಯಾಲ್ಕ್‌ಗೂ ಸರಿ.

ಮನೆ ಆಯಿತು, ಬೀದಿ ಆಯಿತು, ವಿಳಾಸ ಆಯಿತು. ಇನ್ನು ಎರಡನೆಯದು, ಸೂತ್ರ.

ಫಾರ್ಮುಲಾ ಅನ್ನುವುದಕ್ಕೆ ಕನ್ನಡದಲ್ಲಿ ಸೂತ್ರ ಅನ್ನುತ್ತೇವೆ. ಸೂತ್ರ ಅಂದರೆ ದಾರ. ಗಾಳಿಪಟಕ್ಕೆ ಸೂತ್ರ ಕಟ್ಟುತ್ತೇವೆ. ಬೊಂಬೆಯಾಟದ ಬೊಂಬೆಗೂ ಸೂತ್ರ ಕಟ್ಟುತ್ತೇವೆ. ಈ ತುದಿ ಎಳೆದರೆ ಆ ತುದಿಯಲ್ಲಿ ಬೊಂಬೆಯ ಕೈ ಏಳುತ್ತದೆ. ಲೆಕ್ಕದ ಹಾಳೆಯ ಸೂತ್ರವೂ ದಾರವೇ. ಒಂದು ಮನೆಯಿಂದ ಇನ್ನೊಂದು ಮನೆಗೆ ಕಟ್ಟಿದ ದಾರ.

ಈಗ ಪೆನ್ನು ತೆಗೆದುಕೊಳ್ಳಿ. ಎ ಬೀದಿಯಲ್ಲಿ ಸದಸ್ಯರ ಹೆಸರು. ಬಿ ಬೀದಿಯಲ್ಲಿ ಲೀಟರು. ಸಿ ಬೀದಿಯಲ್ಲಿ ಮೊತ್ತ. 1ನೇ ಸಾಲಿನಲ್ಲಿ ಈ ತಲೆಬರಹಗಳಿರಲಿ. 2ನೇ ಸಾಲಿನಿಂದ ಸದಸ್ಯರು. ಮೊದಲನೆಯವರದು 40 ಲೀಟರು. ಎರಡನೆಯವರದು 55. ಮೂರನೆಯವರದು 30. ಹಾಗಾದರೆ ಬಿ2ರಲ್ಲಿ 40, ಬಿ3ರಲ್ಲಿ 55, ಬಿ4ರಲ್ಲಿ 30. ಇನ್ನು ದರ. ಫ್ಯಾಟು, ಡಿಗ್ರಿ ಅಂತ ತಲೆಕೆಡಿಸಿಕೊಳ್ಳುವುದು ಬೇಡ. ಎಲ್ಲರಿಗೂ ಲೀಟರಿಗೆ 35 ರೂಪಾಯಿ ಎಂದಿಟ್ಟುಕೊಳ್ಳೋಣ. ಸ್ವಲ್ಪ ಬಲಕ್ಕೆ ಸರಿದು, ಡಿ1ರಲ್ಲಿ "ದರ" ಅಂತ ಬರೆಯಿರಿ. ಪಕ್ಕದ ಇ1ರಲ್ಲಿ 35 ಬರೆಯಿರಿ. ದರಕ್ಕೆ ಈಗ ಸ್ವಂತ ಮನೆಯಾಯಿತು.

ಮೊದಲನೆಯವರ ಮೊತ್ತ ಸಿ2ರಲ್ಲಿ ಬರಬೇಕು. ಅಲ್ಲಿ 40 ಸಲ 35 ಅಂತ ಬರೆಯಬಾರದು. ಬರೆಯಬೇಕಾದದ್ದು ಹೀಗೆ: ಸಮ ಚಿಹ್ನೆ, ಬಿ2, ನಕ್ಷತ್ರ, ಇ1. ಅಂದರೆ =ಬಿ2*ಇ1. ಯಂತ್ರದಲ್ಲಿ ಬಿ, ಇ ಎಲ್ಲ ಇಂಗ್ಲಿಷ್ ಅಕ್ಷರದಲ್ಲೇ ಒತ್ತಬೇಕು. ಎಂಟರ್ ಒತ್ತಿದರೆ 1400 ಮೂಡುತ್ತದೆ.

ಮೊದಲು ಬಂದ ಸಮ ಚಿಹ್ನೆಯನ್ನು ಮರೆಯಬೇಡಿ. ಅದಿದ್ದರೆ ಕಂಪ್ಯೂಟರು "ಓಹೋ, ಲೆಕ್ಕ ಮಾಡಬೇಕು" ಅಂದುಕೊಳ್ಳುತ್ತದೆ. ಅದಿಲ್ಲದಿದ್ದರೆ ಬರೆದದ್ದನ್ನು ಬರೀ ಅಕ್ಷರ ಅಂದುಕೊಂಡು ಹಾಗೇ ಬಿಡುತ್ತದೆ. ಗುಣಾಕಾರಕ್ಕೆ ನಕ್ಷತ್ರ, ಭಾಗಾಕಾರಕ್ಕೆ ಓರೆಗೆರೆ. ಕೂಡುವುದು, ಕಳೆಯುವುದು ಶಾಲೆಯಲ್ಲಿ ಕಲಿತ ಹಾಗೇ. ಕೂಡುವುದೂ ಗುಣಿಸುವುದೂ ಒಟ್ಟಿಗೆ ಬಂದರೆ ಯಂತ್ರ ಮೊದಲು ಗುಣಿಸುತ್ತದೆ. 2 ಕೂಡಿಸು 3 ಗುಣಿಸು 4 ಅಂದರೆ ಉತ್ತರ 14. ಮೊದಲು ಕೂಡಬೇಕಿದ್ದರೆ ಆವರಣ ಹಾಕಿ. ಆಗ 20.

ಈಗ ದಾರ ಎಳೆದು ನೋಡೋಣ. ಇ1ಕ್ಕೆ ಹೋಗಿ. 35 ಅಳಿಸಿ 37 ಬರೆಯಿರಿ. ಸಿ2ನ್ನು ಮುಟ್ಟಲೇಬೇಡಿ. ಅಲ್ಲಿದ್ದ 1400 ತಾನಾಗಿ 1480 ಆಗುತ್ತದೆ. ಅಂದು ಬೆಳಿಗ್ಗೆ ನಾನು ಮಾಡಬೇಕಿದ್ದುದು ಇಷ್ಟೇ.

ಒಂದು ಎಚ್ಚರಿಕೆ. ಬಿ2ರಲ್ಲಿ 40 ಅಂತ ಮಾತ್ರ ಬರೆಯಿರಿ. "40 ಲೀಟರ್" ಅಂತ ಬರೆದರೆ ಯಂತ್ರಕ್ಕೆ ಅದು ಅಂಕಿಯಲ್ಲ, ಮಾತು. ಮಾತನ್ನು ಗುಣಿಸಲು ಅದಕ್ಕೆ ಬಾರದು. ಲೀಟರು ಅನ್ನುವುದು ತಲೆಬರಹದಲ್ಲಿರಲಿ.

ಇಲ್ಲಿಯವರೆಗೆ ಕೇಳಿದ್ದನ್ನು ಒಮ್ಮೆ ನೆನೆಯೋಣ. ಪ್ರತಿ ಮನೆಗೂ ವಿಳಾಸ ಇದೆ. ಸೂತ್ರ ಸಮ ಚಿಹ್ನೆಯಿಂದ ಶುರುವಾಗುತ್ತದೆ. ಸೂತ್ರದೊಳಗೆ ಅಂಕಿಯ ಬದಲು ವಿಳಾಸ ಇರುತ್ತದೆ. ಇನ್ನು ಮೂರನೆಯದು. ಕಲಿಯುವವರು ಎಡವುವ ಜಾಗ ಇದೇ. ನಿಧಾನವಾಗಿ ಹೋಗೋಣ.

ಮೊದಲನೆಯವರ ಸೂತ್ರ ಆಯಿತು. ಉಳಿದ ಸದಸ್ಯರಿಗೂ ಬರೆಯುತ್ತಾ ಕೂರಬೇಕೇ? ಬೇಡ. ಸಿ2ರ ಸೂತ್ರವನ್ನು ನಕಲು ಮಾಡಿ ಕೆಳಗಿನ ಮನೆಗಳಿಗೆ ಅಂಟಿಸಬಹುದು. ಹಾಗೆ ಅಂಟಿಸಿದಾಗ ಯಂತ್ರ ಒಂದು ಜಾಣತನ ಮಾಡುತ್ತದೆ. ಸಿ2ರಲ್ಲಿ ನೀವು ಬಿ2 ಅಂತ ಬರೆದಿದ್ದಿರಿ. ಯಂತ್ರ ಅದನ್ನು "ನನ್ನ ಎಡಗಡೆ ಪಕ್ಕದ ಮನೆ" ಅಂತ ಅರ್ಥ ಮಾಡಿಕೊಂಡಿರುತ್ತದೆ. ಸೂತ್ರ ಸಿ3ಕ್ಕೆ ಇಳಿದಾಗ ಎಡಗಡೆ ಪಕ್ಕದ ಮನೆ ಬಿ3. ಸಿ4ಕ್ಕೆ ಇಳಿದಾಗ ಬಿ4.

ನೆಂಟಸ್ತಿಕೆಯ ಮಾತಿನ ಹಾಗೆ ಇದು. ಮೂರು ಮನೆಯ ಮಕ್ಕಳು "ನಮ್ಮಪ್ಪ" ಅನ್ನುತ್ತಾರೆ. ಮಾತು ಒಂದೇ, ಅಪ್ಪಂದಿರು ಮೂವರು. ಯಾರು ಹೇಳಿದರು ಅನ್ನುವುದರ ಮೇಲೆ ಯಾವ ಅಪ್ಪ ಅನ್ನುವುದು ಗೊತ್ತಾಗುತ್ತದೆ. ಇಂಥ ವಿಳಾಸವನ್ನು ಸಾಪೇಕ್ಷ ವಿಳಾಸ ಅನ್ನುತ್ತಾರೆ. ಲೀಟರಿಗೆ ಇದು ಸರಿಯಾಗಿ ಹೊಂದುತ್ತದೆ. ಒಬ್ಬೊಬ್ಬರಿಗೂ ಅವರವರ ಲೀಟರು ಸಿಗುತ್ತದೆ.

ಆದರೆ ದರದ ಗತಿ? ಸಿ2ರಿಂದ ನೋಡಿದರೆ ಇ1 ಎಲ್ಲಿದೆ? ಎರಡು ಬೀದಿ ಬಲಕ್ಕೆ, ಒಂದು ಮನೆ ಮೇಲಕ್ಕೆ. ಸೂತ್ರ ಸಿ3ಕ್ಕೆ ಇಳಿದರೆ, ಎರಡು ಬೀದಿ ಬಲಕ್ಕೆ, ಒಂದು ಮನೆ ಮೇಲಕ್ಕೆ, ಇ2 ಸಿಗುತ್ತದೆ. ಇ2ರಲ್ಲಿ ಏನಿದೆ? ಏನೂ ಇಲ್ಲ. ಖಾಲಿ ಮನೆಯನ್ನು ಯಂತ್ರ ಸೊನ್ನೆ ಅಂತ ತಿಳಿಯುತ್ತದೆ. 55ನ್ನು ಸೊನ್ನೆಯಿಂದ ಗುಣಿಸುತ್ತದೆ. ವಾರವೆಲ್ಲ ಹಾಲು ಹಾಕಿದ ಎರಡನೆಯವರಿಗೆ ಸೊನ್ನೆ ರೂಪಾಯಿ!

ದರ ಅನ್ನುವುದು "ನಮ್ಮಪ್ಪ" ಇದ್ದ ಹಾಗಲ್ಲ. ಅದು ಊರ ದೇವಸ್ಥಾನ. ಯಾವ ಮನೆಯವರು ಹೇಳಿದರೂ ಅದೇ ದೇವಸ್ಥಾನ ಆಗಬೇಕು. ಅದಕ್ಕೆ ಯಂತ್ರದಲ್ಲಿ ಒಂದು ಗುರುತಿದೆ, ಡಾಲರ್ ಚಿಹ್ನೆ. ಅಮೆರಿಕದ ದುಡ್ಡಿಗೂ ಇದಕ್ಕೂ ಸಂಬಂಧವಿಲ್ಲ. ಇಲ್ಲಿ ಅದು ಮೊಳೆ. ಅಕ್ಷರದ ಹಿಂದೆ ಹೊಡೆದರೆ ಬೀದಿ ಅಲುಗುವುದಿಲ್ಲ. ಅಂಕಿಯ ಹಿಂದೆ ಹೊಡೆದರೆ ಮನೆ ನಂಬರು ಅಲುಗುವುದಿಲ್ಲ. ಡಾಲರ್ ಇ, ಡಾಲರ್ 1 ಅಂದರೆ ಎರಡೂ ಕಡೆ ಮೊಳೆ. ಇದು ಸ್ಥಿರ ವಿಳಾಸ. ಸಿ2ರಲ್ಲಿ ಈಗ ಹೀಗೆ ತಿದ್ದಿ: =ಬಿ2*$ಇ$1. ವಿಂಡೋಸ್ ಕಂಪ್ಯೂಟರಿನ ಎಕ್ಸೆಲ್‌ನಲ್ಲಿ ಸೂತ್ರ ಬರೆಯುವಾಗ ಎಫ್4 ಕೀಲಿ ಒತ್ತಿದರೆ ಡಾಲರ್ ತಾನೇ ಬಂದು ಕೂರುತ್ತದೆ.

ಮತ್ತೆ ಕೆಳಗೆ ನಕಲು ಮಾಡಿ. ದರ 37 ಇದೆ. ಮೊದಲನೆಯವರಿಗೆ 1480, ಎರಡನೆಯವರಿಗೆ 2035, ಮೂರನೆಯವರಿಗೆ 1110. ಒಂದು ಸೂತ್ರ ಸರಿಯಿದ್ದರೆ 3 ಜನರಿಗೂ ಸರಿ, 80 ಜನರಿಗೂ ಸರಿ.

ಇಷ್ಟರಿಂದ ಒಂದು ಆಟ ಆಡಬಹುದು. ಮನೆಯಲ್ಲಿ ಮಕ್ಕಳಿದ್ದರೆ ಕೂರಿಸಿಕೊಳ್ಳಿ. ಹೊಸ ಹಾಳೆ ತೆರೆಯಿರಿ. ಎ ಬೀದಿಯಲ್ಲಿ 2ನೇ ಮನೆಯಿಂದ ಕೆಳಕ್ಕೆ 1ರಿಂದ 10ರವರೆಗೆ ಬರೆಯಿರಿ. 1ನೇ ಸಾಲಿನಲ್ಲಿ ಬಿ ಬೀದಿಯಿಂದ ಬಲಕ್ಕೆ 1ರಿಂದ 10ರವರೆಗೆ ಬರೆಯಿರಿ. ಬಿ2ರಲ್ಲಿ ಈ ಸೂತ್ರ ಹಾಕಿ: =$ಎ2*ಬಿ$1. ಮೊದಲನೆಯದರಲ್ಲಿ ಬೀದಿಗೆ ಮಾತ್ರ ಮೊಳೆ, ಎರಡನೆಯದರಲ್ಲಿ ನಂಬರಿಗೆ ಮಾತ್ರ ಮೊಳೆ. ಇದನ್ನು ಬಲಕ್ಕೂ ಕೆಳಕ್ಕೂ ನಕಲು ಮಾಡಿ. 100 ಮನೆ ತುಂಬಿ ಮಗ್ಗಿಯ ಪುಸ್ತಕವೇ ಎದ್ದು ನಿಲ್ಲುತ್ತದೆ. ಬರೆದದ್ದು ಒಂದೇ ಸೂತ್ರ. ಮೊಳೆ ಹೊಡೆಯುವ ಜಾಗ ತಪ್ಪಿದರೆ ಮಗ್ಗಿ ಕೆಡುತ್ತದೆ. ಕೆಡಿಸಿ ನೋಡಿ, ಬೇಗ ಅರ್ಥವಾಗುತ್ತದೆ.

ವಿಳಾಸ ಕಂಡೆವು. ಸೂತ್ರ ಕಟ್ಟಿದೆವು. ಜರುಗುವ ವಿಳಾಸ ಯಾವುದು, ಮೊಳೆ ಹೊಡೆದ ವಿಳಾಸ ಯಾವುದು ತಿಳಿಯಿತು. ನಾಲ್ಕನೆಯದು, ಫಂಕ್ಷನ್ನು.

ಫಂಕ್ಷನ್ ಅಂದರೆ ಯಂತ್ರ ಮೊದಲೇ ಕಲಿತಿರುವ ಕೆಲಸ. ಹೆಸರು ಹೇಳಿ, ಆವರಣದೊಳಗೆ ವಿಳಾಸ ಕೊಟ್ಟರೆ ಸಾಕು, ಮಾಡಿ ಮುಗಿಸುತ್ತದೆ. ಕೂಡುವುದಕ್ಕೆ ಸಮ್. ಸರಾಸರಿಗೆ ಆವರೇಜ್. ಎಲ್ಲಕ್ಕಿಂತ ದೊಡ್ಡದಕ್ಕೆ ಮ್ಯಾಕ್ಸ್. ಅಂಕಿ ಎಷ್ಟು ಮನೆಯಲ್ಲಿದೆ ಎಂದು ಎಣಿಸಲು ಕೌಂಟ್. ಒಂದೊಂದೇ ವಿಳಾಸ ಬರೆಯಬೇಕಿಲ್ಲ. ಮೊದಲ ಮನೆ, ಎರಡು ಚುಕ್ಕಿ, ಕೊನೆಯ ಮನೆ ಅಂದರೆ ನಡುವಿನವರೆಲ್ಲ ಬಂದರು. ಇದಕ್ಕೆ ರೇಂಜ್ ಅನ್ನುತ್ತಾರೆ. =ಸಮ್(ಸಿ2:ಸಿ4) ಅಂದರೆ ಮೂವರ ಮೊತ್ತ ಕೂಡಿ 4625.

ಇಲ್ಲಿ ಕೇಳಬೇಕಾದ ಪ್ರಶ್ನೆ ಒಂದೇ. ಕೊನೆಯ ಮನೆ ನಿಜವಾಗಿಯೂ ಕೊನೆಯದೇ? ದೊಡ್ಡವರೂ ಇದನ್ನು ಕೇಳಲು ಮರೆತದ್ದುಂಟು. 2010ರಲ್ಲಿ ಇಬ್ಬರು ಹೆಸರಾಂತ ಅರ್ಥಶಾಸ್ತ್ರಜ್ಞರು, ಕಾರ್ಮೆನ್ ರೈನ್‌ಹಾರ್ಟ್ ಮತ್ತು ಕೆನೆತ್ ರೋಗಾಫ್, ಒಂದು ಪ್ರಬಂಧ ಪ್ರಕಟಿಸಿದರು. ಸರ್ಕಾರದ ಸಾಲ ಹೆಚ್ಚಾದಾಗ ದೇಶದ ಬೆಳವಣಿಗೆ ಏನಾಗುತ್ತದೆ ಅನ್ನುವ ವಿಷಯ. ಬಹಳ ದೇಶಗಳಲ್ಲಿ ಅದರ ಚರ್ಚೆ ನಡೆಯಿತು. 2013ರಲ್ಲಿ ಥಾಮಸ್ ಹರ್ನ್‌ಡನ್ ಎಂಬ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ಅವರ ಲೆಕ್ಕದ ಹಾಳೆಯನ್ನೇ ತರಿಸಿ ನೋಡಿದರು. 20 ದೇಶಗಳ ಪಟ್ಟಿ 30ನೇ ಸಾಲಿನಿಂದ 49ರವರೆಗೆ ಇತ್ತು. ಸರಾಸರಿಯ ಸೂತ್ರ 44ಕ್ಕೇ ನಿಂತಿತ್ತು. ಐದು ದೇಶ ಹೊರಗೆ! ಅಂತಿಮ ಉತ್ತರ ಬದಲಾಗಲು ಬೇರೆ ಕಾರಣಗಳೂ ಇದ್ದವು. ಅವುಗಳ ಬಗ್ಗೆ ವಾದ ವಿವಾದ ನಡೆಯಿತು. ಆದರೆ ಈ ತಪ್ಪನ್ನು ಲೇಖಕರೇ ಒಪ್ಪಿಕೊಂಡರು. 49 ಅಂತ ಇರಬೇಕಾದಲ್ಲಿ 44 ಇತ್ತು, ಅಷ್ಟೇ.

ನಮ್ಮ ಸಂಘದಲ್ಲೂ ಇದು ಆಗುತ್ತದೆ. ಹೊಸ ಸದಸ್ಯರು ಸೇರುತ್ತಾರೆ. ಪಟ್ಟಿಯ ಕೆಳಗೆ ಅವರ ಹೆಸರು ಬರೆಯುತ್ತೇವೆ. ಸಮ್ ಮಾತ್ರ ಹಳೆಯ ಕೊನೆಯ ಮನೆಗೇ ನಿಂತಿರುತ್ತದೆ. ಅದಕ್ಕೊಂದು ಉಪಾಯವಿದೆ. ಪಟ್ಟಿಗೂ ಒಟ್ಟು ಮೊತ್ತಕ್ಕೂ ನಡುವೆ ಒಂದು ಖಾಲಿ ಸಾಲು ಬಿಡಿ. ಆ ಖಾಲಿ ಸಾಲನ್ನೂ ರೇಂಜಿಗೆ ಸೇರಿಸಿ. ನಮ್ಮ ಹಾಳೆಯಲ್ಲಿ ಒಟ್ಟು ಸಿ6ರಲ್ಲಿರಲಿ, ಸೂತ್ರ =ಸಮ್(ಸಿ2:ಸಿ5) ಇರಲಿ. ಹೊಸಬರು ಬಂದಾಗ ಖಾಲಿ ಸಾಲಿನ ಮೇಲೆ ಇನ್ಸರ್ಟ್ ಕೊಟ್ಟು ಹೊಸ ಸಾಲು ತೂರಿಸಿ. ರೇಂಜು ತಾನಾಗಿ ಹಿಗ್ಗುತ್ತದೆ.

ಆವರೇಜ್ ಬಗ್ಗೆಯೂ ಒಂದು ಮಾತು. ಒಬ್ಬರು 6 ದಿನ, ದಿನಕ್ಕೆ 8 ಲೀಟರಿನಂತೆ ಹಾಲು ಹಾಕಿದರು. 7ನೇ ದಿನ ಹಾಕಲಿಲ್ಲ. ಆ ಮನೆಯನ್ನು ಖಾಲಿ ಬಿಟ್ಟರೆ ಸರಾಸರಿ 8 ಬರುತ್ತದೆ. ಸೊನ್ನೆ ಬರೆದರೆ ಸುಮಾರು 7 ಬರುತ್ತದೆ. ಗುಣಿಸುವಾಗ ಖಾಲಿ ಮನೆಯೂ ಸೊನ್ನೆಯೂ ಒಂದೇ ಆಗಿತ್ತು, ನೆನಪಿದೆಯೇ? ಸರಾಸರಿಯಲ್ಲಿ ಒಂದೇ ಅಲ್ಲ. ಖಾಲಿ ಮನೆಯನ್ನು ಆವರೇಜ್ ಎಣಿಸುವುದೇ ಇಲ್ಲ. ನಿಮಗೆ ಯಾವುದು ಬೇಕೋ ನೀವೇ ತೀರ್ಮಾನಿಸಿ.

ಇನ್ನೊಂದು ಫಂಕ್ಷನ್ನು ಇಫ್. ಹೀಗಿದ್ದರೆ ಹಾಗೆ, ಇಲ್ಲದಿದ್ದರೆ ಹೀಗೆ. ವಾರಕ್ಕೆ 50 ಲೀಟರು ಮುಟ್ಟಿದವರಿಗೆ ಒಂದು ಗುರುತು ಹಾಕಬೇಕು ಅನ್ನಿ. ಬಿ2 ಎಂಬುದು 50 ಅಥವಾ ಹೆಚ್ಚಿದ್ದರೆ "ಹೌದು", ಇಲ್ಲದಿದ್ದರೆ "ಇಲ್ಲ". ಸೂತ್ರದೊಳಗೆ 50 ಅಂತಲೇ ಬರೆದುಬಿಟ್ಟಿರಾ? ಮತ್ತೆ ಹಳೆಯ ಚಾಳಿ. ನಾಳೆ ಅದು 60 ಆದರೆ? 50ಕ್ಕೂ ಒಂದು ಮನೆ ಕೊಡಿ. ಇ2 ಖಾಲಿಯಿದೆ, ಅಲ್ಲಿ ಬರೆದು ಮೊಳೆ ಹೊಡೆದ ವಿಳಾಸ ಬಳಸಿ. ಮೊದಲು ದರಕ್ಕೆ ಮೊಳೆ ಹೊಡೆಯದೆ ಹೋಗಿದ್ದರೆ ಈಗ ಏನಾಗುತ್ತಿತ್ತು? ಎರಡನೆಯವರ 55 ಲೀಟರನ್ನು ಯಂತ್ರ ಈ 50ರಿಂದ ಗುಣಿಸುತ್ತಿತ್ತು. ಮೊತ್ತ 2750. ಸೊನ್ನೆ ಬಂದರೆ ಯಾರ ಕಣ್ಣಿಗಾದರೂ ಬೀಳುತ್ತದೆ. 2750 ಯಾರ ಕಣ್ಣಿಗೆ ಬಿದ್ದೀತು?

ವಿಳಾಸ, ಸೂತ್ರ, ಮೊಳೆ, ಫಂಕ್ಷನ್. ನಾಲ್ಕೂ ಆಯಿತು. ಕೊನೆಯದಾಗಿ, ಯಂತ್ರ ದೂರು ಹೇಳುವ ಬಗೆ.

ಹ್ಯಾಶ್ ಗುರುತಿನ ಜೊತೆ ಇಂಗ್ಲಿಷ್ ಪದವೊಂದು ಮೂಡಿದರೆ ಬೆಚ್ಚಬೇಡಿ. ರೆಫ್ ಅಂದರೆ ನೀವು ಕೊಟ್ಟ ವಿಳಾಸದಲ್ಲಿ ಮನೆಯೇ ಇಲ್ಲ. ಯಾರೋ ಆ ಸಾಲನ್ನು ಅಳಿಸಿರಬಹುದು. ನೇಮ್ ಅಂದರೆ ಫಂಕ್ಷನ್ನಿನ ಹೆಸರು ತಪ್ಪಾಗಿ ಬರೆದಿರಬಹುದು. ವ್ಯಾಲ್ಯೂ ಅಂದರೆ ಅಂಕಿ ಇರಬೇಕಾದಲ್ಲಿ ಮಾತು ಸೇರಿಕೊಂಡಿದೆ. ಡಿವ್ ಸೊನ್ನೆ ಅಂದರೆ ಸೊನ್ನೆಯಿಂದ ಭಾಗಿಸಲು ಹೇಳಿದ್ದೀರಿ. ಬರೀ ಹ್ಯಾಶ್‌ಗಳ ಸಾಲು ಕಂಡರೆ ಬಹುಮಟ್ಟಿಗೆ ಬೀದಿ ಕಿರಿದಾಗಿದೆ ಅಂತ ಅರ್ಥ. ಅಗಲ ಮಾಡಿ.

ದೂರು ಹೇಳುವ ತಪ್ಪು ಒಳ್ಳೆಯ ತಪ್ಪು. ಸುಮ್ಮನಿರುವ ತಪ್ಪಿಗೆ ಹೆದರಬೇಕು. "40 ಲೀಟರ್" ಅಂತ ಬರೆದ ಮನೆಯನ್ನು ಗುಣಿಸಲು ಹೊರಟರೆ ಯಂತ್ರ ದೂರು ಹೇಳುತ್ತದೆ. ಆದರೆ ಆ ಬೀದಿಗೆ ಸಮ್ ಹಾಕಿದರೆ ಅದೊಂದನ್ನು ಬಿಟ್ಟು ಉಳಿದವನ್ನು ಕೂಡಿ ಸುಮ್ಮನಾಗುತ್ತದೆ. ಅದಕ್ಕೇ ಒಬ್ಬಿಬ್ಬರ ಲೆಕ್ಕವನ್ನಾದರೂ ಬಾಯಲ್ಲಿ ಮಾಡಿ ತಾಳೆ ನೋಡಿ. ನಮ್ಮ ಮೂವರದು ಒಟ್ಟು 125 ಲೀಟರು. 37ರಿಂದ ಗುಣಿಸಿದರೆ 4625. ಸಮ್ ಕೊಟ್ಟದ್ದೂ ಅದೇ. ತಾಳೆಯಾಯಿತು.

ಕೇಳುಗರೇ, ನಾಳೆ ಒಂದು ಕೆಲಸ ಮಾಡಿ. ನಿಮ್ಮ ಸಂಘದ್ದೋ, ಅಂಗಡಿಯದ್ದೋ, ಮನೆಯದ್ದೋ, ಒಂದು ಲೆಕ್ಕದ ಹಾಳೆ ತೆರೆಯಿರಿ. ಒಟ್ಟು ಮೊತ್ತ ಇರುವ ಮನೆಯ ಮೇಲೆ ಒಮ್ಮೆ ಒತ್ತಿ. ಹಾಳೆಯ ಮೇಲ್ಗಡೆ ಉದ್ದನೆಯ ಪಟ್ಟಿಯೊಂದಿದೆ. ಆ ಮನೆಯೊಳಗೆ ನಿಜಕ್ಕೂ ಏನು ಬರೆದಿದೆ ಅಂತ ಅದು ತೋರಿಸುತ್ತದೆ. ಅಲ್ಲಿ ಸಮ ಚಿಹ್ನೆಯೂ ವಿಳಾಸಗಳೂ ಕಂಡರೆ ಕೊನೆಯ ಮನೆ ಸರಿಯಿದೆಯೇ ನೋಡಿ. ಬರೀ ಅಂಕಿ ಕಂಡರೆ, ಅದನ್ನು ಅಳಿಸಿ ವಿಳಾಸ ಬರೆಯಿರಿ. ದರ ಮತ್ತೆ ಬದಲಾಗುವ ಮೊದಲೇ ಬರೆಯಿರಿ.